ಸೆಕೆಂಡಿಗೆ ಇನ್ನೂರು

ಆಲೂಗೆಡ್ಡೆ ಮಂಡಿಯ ಬೋರಣ್ಣನವರು
ತಕ್ಕಡಿಯ ಮುಳ್ಳು ನಿಲ್ಲುವ ತನಕ ಕಾಯಿಸಿ ಕೇಳಿದರು:
‘ಎಷ್ಟು ವಿಮಾನ ಉರುಳ್ಸವ್ರೆ ನಿಮ್ಮ ಅರಸ್ನೋರು?’
ಒಂದೂ ಇಲ್ಲ ಅಂದೆ.
‘ಮತ್ತೆ ಮೇಲೆ ಹೋಗಿ ಮಾಡಿದ್ದೇನವ್ವ?’

ಉಪ್ಪು ಹಾಕಿದರು, ಸೀಮೆಎಣ್ಣೆ ಹಾಕಿದರು,
ಬುಟ್ಟಿಯಲ್ಲಿ ಕೋಳಿ, ಟಪಾಲಿನ ಚೀಲ,
ಒಮ್ಮೆ ಬೆಟ್ಟದ ತುದಿಯ ಕಾವಲು ಹುಡುಗರಿಗೆ
ಒಂದು ಕೇರಂ ಬೋರ್ಡು.
ರೆಕ್ಕೆಯ ಅಡಿ ಬಾಂಬು ಇರಲಿಲ್ಲ ಅಣ್ಣ,
ಹೊಟ್ಟೆ ತುಂಬ ದಿನಸಿ.

‘ಹಂಗಾದ್ರೆ ನಮ್ಮ ಲಾರಿ ಸಿದ್ದನ ಮೇಲೂ ಒಂದು ತೆಗಿ’
ಎಂದು ನಕ್ಕರು. ನಾನೂ ನಕ್ಕೆ.
ನಗುವುದು ಈ ಕಸುಬಿನ ಮೊದಲ ಪಾಠ.
ಆ ಮಾತು ತಪ್ಪಲ್ಲ ಎಂದು ಹೊಳೆದದ್ದು
ಎನ್.ಆರ್. ಸರ್ಕಲ್ಲಿನ ಸಿಗ್ನಲ್ಲಿನಲ್ಲಿ.

ನನ್ನ ಫೈಲು ಹಳದಿ. ಒಳಗೆ ಏಳು ಪುಟ.
ಅಬ್ಬಾಜಾನರ ಸ್ಟುಡಿಯೋದ ಹಳೇ ಲೆಟರ್‌ಹೆಡ್ಡು:
‘ಮದುವೆ, ನಾಮಕರಣ, ಪಾಸ್‌ಪೋರ್ಟ್ ಅಳತೆ.’
ಅದರ ಕೆಳಗೆ ನಾನು ಟೈಪು ಮಾಡಿಸಿದ್ದು:
‘ಗುಂಡು ಹಾರಿಸದ ವೈಮಾನಿಕರು.
ಸಾಕ್ಷ್ಯಚಿತ್ರ, ನಲವತ್ತು ನಿಮಿಷ. ಪ್ರಾಯೋಜಕರು ಬೇಕು.’

ಬಿ.ಎಂ. ರಸ್ತೆಯ ಒಡವೆ ಅಂಗಡಿ ಎ.ಸಿ. ಹಾಕಿ ಕೂರಿಸಿತು.
ವಿಮಾನದ ಮೈಮೇಲೆ ತಮ್ಮ ಹೆಸರು ಬರೆಸಬಹುದೇ?
ಕಂಪ್ಯೂಟರಿನಲ್ಲಿ ಆಗುತ್ತಂತಲ್ಲ?
ಕೋಚಿಂಗ್ ಸೆಂಟರಿನವರಿಗೆ ಮುದುಕರು ಬೇಡ,
ಮೀಸೆಯ, ಕೂಲಿಂಗ್ ಗ್ಲಾಸಿನ, ಮೂವತ್ತರ ಒಳಗಿನವರು ಬೇಕು.
ಗ್ರಾನೈಟ್ ಕಂಪನಿಯ ಮ್ಯಾನೇಜರ್ ಕೊನೆಯ ಪುಟದಿಂದ ಓದಿ,
ಸತ್ತಿದ್ದಾರಾ? ಅಂದರು.
ಇಲ್ಲ ಸಾರ್, ಸಾಲಗಾಮೆ ರಸ್ತೆಯಲ್ಲಿದ್ದಾರೆ.
‘ಓ’ ಎಂದು ಫೈಲು ಮುಚ್ಚಿದರು.

ಲಿಂಗರಾಜೇ ಅರಸರು ಎಂಬತ್ತೊಂಬತ್ತರಲ್ಲೂ
ಪೇಪರು ಬಿಡಿಸುವ ಮುನ್ನ ಗಾಳಿಯ ದಿಕ್ಕು ನೋಡುತ್ತಾರೆ.
ಎಡಗಿವಿ ಎಂಜಿನ್ನಿಗೆ ಕೊಟ್ಟಾಗಿದೆ,
ಬಲಗಿವಿಗೆ ಹೇಳಿದೆ: ದುಡ್ಡು ಹುಟ್ಟುತ್ತಿಲ್ಲ.
‘ಒಂದು ನಿಮಿಷಕ್ಕೆ ಎಷ್ಟು ಬೀಳುತ್ತೆ?’
ಹನ್ನೆರಡು ಸಾವಿರ.
ಬೆರಳಲ್ಲೇ ಭಾಗಿಸಿದರು. ‘ಸೆಕೆಂಡಿಗೆ ಇನ್ನೂರು.
ನೋಡು ಮಗು, ಆ ಕಣಿವೆಯೊಳಗೆ
ಬೆಟ್ಟ ಈ ಕಡೆ, ಬೆಟ್ಟ ಆ ಕಡೆ,
ಚೀಲ ತಳ್ಳಲಿಕ್ಕೆ ಸಿಗುತ್ತಿದ್ದದ್ದು ಎಂಟು ಸೆಕೆಂಡು.
ಬೆಲ್ಲು ಹೊಡೆದರೆ ಹಿಂದಿದ್ದ ಹುಡುಗರು ಒದೆಯಬೇಕು.
ಉಳಿದರೆ ಮತ್ತೊಂದು ಸುತ್ತು, ಮತ್ತೆ ಎಂಟು.
ನಲವತ್ತು ನಿಮಿಷ ಒಟ್ಟಿಗೆ ಯಾರು ಕೊಟ್ಟಾರು?
ಸುತ್ತು ಹಾಕು.’

ಅಂದಿನಿಂದ ರಸೀದಿ ಪುಸ್ತಕ ಹಿಡಿದು ಸುತ್ತುತ್ತಿದ್ದೇನೆ.
ಬ್ಯಾಟರಿ ಅಂಗಡಿ, ಎರಡು ಸೆಕೆಂಡು.
ಸಂತೆಪೇಟೆಯ ದರ್ಜಿ ಶಾಂತಮಲ್ಲಪ್ಪ, ಮೂರು;
ಹಳೇ ಸಮವಸ್ತ್ರದ ತೋಳು ಹೊಲಿದುಕೊಟ್ಟದ್ದು ಲೆಕ್ಕಕ್ಕಿಲ್ಲ.
ಮಹಾರಾಜ ಪಾರ್ಕಿನ ಎದುರು ಚುರುಮುರಿ ಮಾರುವಾಕೆ
ನೂರು ಕೊಟ್ಟು ‘ಅರ್ಧ ಬರಕೊ’ ಅಂದಳು.
ಒಂದು ಹೈಸ್ಕೂಲಿನ ಎಂಟನೇ ಕ್ಲಾಸು ಹನ್ನೊಂದು,
ಎರಡು ಕಂಪಾಸ್ ಡಬ್ಬಿ ತುಂಬ ಚಿಲ್ಲರೆ.
ಕೆಲವರು ಫೋನ್ ಎತ್ತುವುದಿಲ್ಲ. ಕೆಲವು ಚೀಲ ಕಣಿವೆಗೆ.

ಮೊನ್ನೆ ಬೋರಣ್ಣನವರೇ ಕರೆದರು.
‘ಆಲೂಗೆಡ್ಡೆ ಹಾಕಿದ್ರಾ ಅವ್ರು?’
ಹಾಕಿದ್ದರಂತೆ. ಗೋಣಿಯೊಳಗೆ ಗೋಣಿ ಕಟ್ಟಿ,
ಒಳಗಿನದು ಒಡೆದರೂ ಹೊರಗಿನದು ಹಿಡಿಯಲಿ ಅಂತ.
ಅರ್ಧಕ್ಕರ್ಧ ಜಜ್ಜಿ ಹೋಗುತ್ತಿತ್ತಂತೆ,
ಹುಡುಗರು ಹಿಮದಲ್ಲಿ ಕೂತು ಹೆಕ್ಕುತ್ತಿದ್ದರಂತೆ.
ಗೋಣಿಯ ಬಾಯಿ ಹೊಲಿಯುತ್ತಿದ್ದವನನ್ನೇ
ಬೋರಣ್ಣ ಬಹಳ ಹೊತ್ತು ನೋಡಿದರು.
ಮೂವತ್ತು ಸೆಕೆಂಡು ಬರಿ ಅಂದರು.
ಆಮೇಲೆ, ಸಂಕೋಚದಲ್ಲಿ:
‘ನನ್ನ ಮೂವತ್ತು ಯಾವ್ದವ್ವ ಜಬೀನಾ? ವಿಮಾನ ಕಾಣ್ತದಾ?’

ಕಾಣಲ್ಲ ಬೋರಣ್ಣ.
ಮೋಡ ಇರುತ್ತೆ, ಸದ್ದು ಇರುತ್ತೆ,
ಕೆಳಗೆ ಒಬ್ಬ ಕುತ್ತಿಗೆ ಎತ್ತಿ ನಿಂತಿರುತ್ತಾನೆ.

‘ಬೀಳ್ತದಾ?’

ರಸೀದಿ ಹರಿದು ಕೊಟ್ಟೆ.
ಇನ್ನು ಮೂವತ್ತೊಂದು ನಿಮಿಷ ಬಾಕಿ.