ಷರಾ

ಡರ್ಬನ್ನಿನ ಅಂಗಿ ಕಾರ್ಖಾನೆಯಲ್ಲಿ
ನಾನು ಕಾಲರು, ಜುಬೇದಾ ತೋಳಪಟ್ಟಿ,
ರಾಂಪ್ಯಾರಿ ಗುಂಡಿಯ ಕಾಜ,
ಕೋಕಿಲಂ ತಪ್ಪು ಹುಡುಕುವವಳು.
ದಿನಕ್ಕೆ ನಾನೂರು ಅಂಗಿ. ಒಂದೂ
ನಮ್ಮ ಮನೆಯ ಗಂಡಸರ ಮೈಗಲ್ಲ.

ಮುಷ್ಕರದ ವರ್ಷ, ಎಪ್ಪತ್ತಮೂರು,
ನಾಲ್ವರೂ ಸೇರಿ ಒಂದು ಸೀರೆ ಕೊಂಡೆವು, ಕಂತಿನಲ್ಲಿ.
ಎರಡು ವಾರ ಕಟ್ಟಲಾಗಲಿಲ್ಲ.
ಅಂಗಡಿಯ ಜಮನಾದಾಸ್ ಭಾಯಿ ಕೇಳಲೂ ಇಲ್ಲ.

ಆರಿಸುವುದಕ್ಕೆ ಇಡೀ ಒಂದು ಶನಿವಾರ.
ಗಿಳಿಹಸಿರು ಎಂದಳು ಕೋಕಿಲಂ. ಜುಬೇದಾಗೆ ರಾಣಿಗುಲಾಬಿ.
ನನ್ನ ಮೈಬಣ್ಣಕ್ಕೆ ಯಾವುದೂ ಒಪ್ಪದೆಂದು
ಅಮ್ಮ ಚಿಕ್ಕಂದಿನಲ್ಲೇ ಕಲಿಸಿದ್ದಳು, ಸುಮ್ಮನಿದ್ದೆ.
ರಾಂಪ್ಯಾರಿ ಸೆರಗು ಹಿಡಿದು
ಟ್ಯೂಬ್‌ಲೈಟಿನಿಂದ ಬೀದಿಯ ಬಿಸಿಲಿಗೆ ಎಳೆದುಕೊಂಡೇ ಹೋದಳು:
"ಮದುವೆ ಮನೆಯಲ್ಲಿ ಇದರ ಮೇಲೆ ಸಾರು ಚೆಲ್ಲುತ್ತದೆ.
ಯಾವ ಬಣ್ಣ ತಾಳೀತು, ಅದು ಹೇಳಿ."

ಹಾಗೆ ಬಂತು ಬದನೆ ಬಣ್ಣ,
ಬೆರಳಗಲ ಜರಿಯಂಚು,
ಮೈತುಂಬ ಸಾಸಿವೆಯಷ್ಟು ಬುಟ್ಟ.
ಸೀರೆ ಒಂದು, ರವಿಕೆ ನಾಲ್ಕು.
ಗಿಡ್ಡಿ ನಾನು, ಒಂದು ಗೇಣು ಸೊಂಟದೊಳಗೆ ತುರುಕಬೇಕು.
ರಾಂಪ್ಯಾರಿ ಉಟ್ಟರೆ ಫಾಲು ಕಣಕಾಲಿಗೇ ನಿಂತಿತು.

ಲೆಕ್ಕದ ಪುಸ್ತಕ ಕೋಕಿಲಂಳದು. ಗೆರೆ ಎಳೆದು ನಾಲ್ಕು ಕಾಲಂ:
ತಾರೀಖು, ಉಟ್ಟವರು, ಸಮಾರಂಭ, ಷರಾ.

ತಮ್ಮನ ಮದುವೆ. ಸೆರಗಿಗೆ ಎಣ್ಣೆ. ಹಿಟ್ಟು ಉದುರಿಸಿ ತೆಗೆದಿದೆ.
ಈದ್. ಅತ್ತರು ತಾಗಿದೆ. ಇನ್ನು ಮೇಲೆ ಅತ್ತರು ಮೊದಲು, ಸೀರೆ ಆಮೇಲೆ.
ದೀಪಾವಳಿ. ಸುರುಸುರುಬತ್ತಿಯ ಕಿಡಿ, ಸಾಸಿವೆಯಷ್ಟು ತೂತು.
ಬುಟ್ಟ ಎಂದೇ ತಿಳಿಯಿರಿ.
ಎಂಬತ್ತೊಂದು, ಬಿರಿಯಾನಿ. ಯಾರೂ ಒಪ್ಪಿಕೊಂಡಿಲ್ಲ.

ಹಿಂಬದಿಯ ರಟ್ಟಿನ ಮೇಲೆ ಕಾಯಿದೆ:
ಉಟ್ಟ ರಾತ್ರಿಯೇ ಮಡಚಬಾರದು, ನೆರಳಲ್ಲಿ ಬೆವರಾರಲಿ.
ಪಿನ್ನು ಚುಚ್ಚುವಲ್ಲಿ ಒಂದು ಚೂರು ಬಟ್ಟೆ ಇಡಿ.
ನುಸಿಗುಳಿಗೆ ಜರಿಗೆ ತಾಗಿದರೆ ಜಗಳ.
ಹಳೆಯ ದಿಂಬಿನ ಚೀಲ ಸಾಕು, ಪ್ಲಾಸ್ಟಿಕ್ ಬೇಡ.
ತಿಂಗಳಿಗೊಮ್ಮೆ ಮಡಿಕೆ ಬದಲಿಸಿ,
ಗೆರೆಯ ಮೇಲೇ ಗೆರೆ ಬಿದ್ದರೆ ಅಲ್ಲೇ ಸೀಳುತ್ತದೆ.
ಕಡಲ ಗಾಳಿ ಜೋರಿರುವ ದಿನ ಪೆಟ್ಟಿಗೆ ತೆಗೆಯಬೇಡಿ.
ಉಪ್ಪಿಗೆ ಬೆಳ್ಳಿ ಕಂಡರಾಗದು.

ಕಾರ್ಖಾನೆ ಮುಚ್ಚಿತು. ಅಂಗಿಗಳೀಗ ಹಡಗಿನಲ್ಲಿ ಬರುತ್ತವೆ.
ಕೋಕಿಲಂ ಹೋಗಿ ಹನ್ನೆರಡು ವರ್ಷ.
ಅವಳ ಸರದಿಗೆ ಒಂದು ಗೀಟು ಹಾಕಿ ಹಾಕಿ ಮುಂದೆ ಬಂದೆವು.
ರಾಂಪ್ಯಾರಿ ಈ ಜುಲೈಯ ಚಳಿಯಲ್ಲಿ.

ಈಗ ಜುಬೇದಾಳ ಮೊಮ್ಮಗಳ ಮದುವೆ.
ನಸೀಹಾ ಫೋನಿನಲ್ಲಿ ತೋರಿಸಿದಳು:
ಕಲ್ಲು ಹೊತ್ತ ಲೆಹಂಗಾ, ಬಾಡಿಗೆಗೂ ಸಿಗುತ್ತದಂತೆ,
ಸೋಮವಾರ ತಿರುಗಿ ಕೊಟ್ಟರಾಯಿತು.
ಚೆನ್ನಾಗಿದೆ ಮಗಳೇ ಎಂದೆ. ಸುಳ್ಳಲ್ಲ, ಚೆನ್ನಾಗಿಯೇ ಇತ್ತು.

ಪುಸ್ತಕ ತೆಗೆದರೆ ಸರದಿ ರಾಂಪ್ಯಾರಿಯದು.
"ಗೀಟು ಹಾಕು, ಮುಂದಿನದು ನಿನ್ನದೇ" ಎಂದಳು ಜುಬೇದಾ.
ಪೆನ್ನು ಹಿಡಿದು ಕೂತೆ. ಚಹಾ ಆರಿತು.

ಆ ದಿನ ಗೇಣು ಬಟ್ಟೆ ಸೊಂಟಕ್ಕೆ ತುರುಕಲಿಲ್ಲ.
ಎಪ್ಪತ್ತೆರಡರ ಮೊಣಕಾಲಿಗೆ ಎತ್ತರದ ಚಪ್ಪಲಿ ಹಾಕಿದೆ.
ಗೋಡೆ ಹಿಡಿದು, ಕುರ್ಚಿ ಹಿಡಿದು, ಯಾರದೋ ಹೆಗಲು ಹಿಡಿದು
ನಡುಮನೆಗೆ ಬಂದಾಗ ಜುಬೇದಾ ಕಾಲಿನಿಂದ ತಲೆಯವರೆಗೆ ನೋಡಿದಳು.
ಆಮೇಲೆ ಕಿವಿಯ ಹತ್ತಿರ ಬಂದು:
"ಎಂಬತ್ತೊಂದರ ಬಿರಿಯಾನಿ, ಅದು ನಾನೇ."

ರಾತ್ರಿ ಮನೆಗೆ ಬಂದು ಹಗ್ಗಕ್ಕೆ ಸೀರೆ ಹರಡಿ ಬರೆದೆ:
ಉಟ್ಟವರು, ರಾಂಪ್ಯಾರಿ.
ಷರಾ, ಬೆವರು ಮಾತ್ರ ನನ್ನದು.

ಗಾಳಿ ಕಡಲ ಕಡೆಯಿಂದ ಎದ್ದಿತು.
ಕಿಟಕಿ ಮುಚ್ಚಲು ಹೋಗುವಾಗ ಟಕ್ ಟಕ್ ಸದ್ದು,
ತಿರುಗಿ ನೋಡಿದೆ, ಯಾರೆಂದು.
ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು.