ದುಂಡು ಮೂಲೆ

ನಾಲ್ಕು ಮಂಚದ ಮನೆಗೆ ಇನ್ನಾರು ಬೇಕಂತೆ.
ಜಿಲ್ಲಾಸ್ಪತ್ರೆಯ ಹಿಂದೆ, ಹಳೇ ಡಾಕ್ಟರ್ ಕ್ವಾರ್ಟರ್ಸು.
ಅಳತೆಗೆಂದು ಹೋದವನಿಗೆ
ಸಿಸ್ಟರ್ ಜೆಸಿಂತಾ ಮೊದಲು ಹೇಳಿದ್ದು ಅಳತೆಯಲ್ಲ:
"ಆಚಾರ್ರೇ, ಮೂಲೆ ಇರಬಾರದು."

ಮೂಲೆಯಿಲ್ಲದ ಮಂಚವೇ?
ಮೂವತ್ತೊಂದು ವರ್ಷ ಮೂಲೆಮಟ್ಟ ಹಿಡಿದ ಕೈ ಇದು.
"ದುಂಡು ಮಾಡಿ. ಬಾಗಿಲಿಗೆ ಒಳಚಿಲಕ ಬೇಡ.
ಕಿಟಕಿ ನಾಲ್ಕು ಬೆರಳು ತೆರೆದರೆ ಸಾಕು, ಗಾಳಿಗೆ."
ಬೀಡಿಕಟ್ಟಿನ ಕಾಗದದ ಮೇಲೆ ಬರೆದುಕೊಂಡೆ.
ಯಾಕೆಂದು ಕೇಳಲಿಲ್ಲ.
ಗೊತ್ತಿತ್ತು.

ಏಳು ವರ್ಷದ ಹಿಂದೆ ನನ್ನ ವಿಜಿತಾಗೆ ಹದಿನಾಲ್ಕು.
ಮಾತು ಬಿಟ್ಟಿದ್ದಳು, ಅನ್ನ ಬಿಟ್ಟಿದ್ದಳು,
ಒಂದು ರಾತ್ರಿ ಬದುಕೂ ಬೇಡವೆಂದು ಅಮ್ಮನ ಕಿವಿಯಲ್ಲಿ ಹೇಳಿದಳು.
ಹೇಳಿದಳಲ್ಲ, ಅದೇ ಪುಣ್ಯ.
ಮಡಿಕೇರಿಯಲ್ಲಿ ಅಂಥ ಮಕ್ಕಳಿಗೆ ಹಾಸಿಗೆ ಇರಲಿಲ್ಲ.
ಮೈಸೂರಿಗೆ ಮೊದಲ ಬಸ್ಸು.
ಸುಂಟಿಕೊಪ್ಪದಲ್ಲಿ ವಾಂತಿ, ಕುಶಾಲನಗರದಲ್ಲಿ ವಾಂತಿ,
ಬೈಲುಕುಪ್ಪೆ ದಾಟುವಾಗ ನನ್ನ ಹೆಗಲ ಮೇಲೆ ನಿದ್ದೆ.
ಅಲ್ಲಿ ಸಿಕ್ಕಿದ್ದು ದೊಡ್ಡವರ ವಾರ್ಡು;
ರಾತ್ರಿಯಿಡೀ ಸತ್ತ ಗಂಡನನ್ನು ಊಟಕ್ಕೆ ಕರೆಯುವ
ಹೆಂಗಸೊಬ್ಬಳ ಪಕ್ಕ, ಹನ್ನೊಂದು ದಿನ.
ನಾನು ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ಮಲಗಿದೆ.
ಊರಿಗೆ ಬಂದು ಟೈಫಾಯ್ಡು ಎಂದೆವು.
ಟೈಫಾಯ್ಡಿಗೆ ಎಲ್ಲರೂ ಎಳನೀರು ತಂದರು,
ಒಳ್ಳೆಯ ಜನ.

ಸಿಲ್ವರ್ ಓಕ್ ಬೇಡವೆಂದು ಹಲಸು ತಂದೆ.
ಹಳದಿ ಮರ, ಉಜ್ಜಿದಷ್ಟೂ ನುಣುಪು.
ಜಗಲಿಯಲ್ಲೇ ಕೆಲಸ, ಬೆನ್ನಿಗೆ ಡಿಸೆಂಬರ್ ಬಿಸಿಲು.
ಮೂರನೇ ದಿನ ಸಫ್ವಾನ್ ಬಂದು ಕೂತ, ನೆಲ್ಯಹುದಿಕೇರಿಯವನು;
ಹೊಳೆ ಮನೆಯನ್ನು ಒಯ್ದ ಮೇಲೆ
ನಲ್ಲಿ ಬಿಟ್ಟರೂ ಕಿವಿ ಮುಚ್ಚುವ ಹುಡುಗ.
ಕೈ ಚಾಚಿದ. ಸಿಸ್ಟರ್ ಮುಖ ನೋಡಿದೆ, ತಲೆಯಾಡಿಸಿದರು.
ಉಪ್ಪುಕಾಗದ ಕೊಟ್ಟೆ.
ಒಂದೇ ಮೂಲೆಯನ್ನು ಸಂಜೆಯವರೆಗೆ ಉಜ್ಜಿದ.
"ಇದ್ರಲ್ಲಿ ಯಾರು ಮಲಗ್ತಾರೆ?"
ಗೊತ್ತಿಲ್ಲಪ್ಪ, ಇನ್ನೂ ಬಂದಿಲ್ಲ.
"ಅವರಿಗೆ ಗೊತ್ತಾ, ಬರ್ತೇವೆ ಅಂತ?"
ಉಳಿಯನ್ನು ಕೆಳಗಿಟ್ಟೆ.
ಉತ್ತರ ಸಿಗದೆ ಮತ್ತೆ ಎತ್ತಿಕೊಂಡೆ.

ನಾಪೋಕ್ಲು ಕಡೆಯ ಅಜ್ಜ ಒಬ್ಬರು
ಮೊಮ್ಮಗಳು ದೇಚಕ್ಕನ ಬ್ಯಾಗು ಹೊತ್ತು ಬಂದರು.
ಒಳಗೆ ಸಿಸ್ಟರ್ ದನಿ: "ಮನೆಯಲ್ಲಿ ಕೋವಿ ಇದೆಯಾ?"
"ಇದೆಂಥ ಪ್ರಶ್ನೆ? ಕೋವಿ ಇಲ್ಲದ ಮನೆಯಾ ನಮ್ಮದು?"
"ಅವಳು ವಾಪಸ್ ಬರುವಷ್ಟರಲ್ಲಿ ಅದು ಬೇರೆ ಕಡೆ ಇರಲಿ."
ನನ್ನ ತೋಪಡಾ ನಿಂತಿತ್ತು.
ತುಂಬ ಹೊತ್ತಾದ ಮೇಲೆ ಮೇಜಿನ ಮೇಲೆ
ಕಬ್ಬಿಣದ ಕೀಲಿ ಇಟ್ಟ ಸದ್ದು.
"ನನ್ನ ತಂಗಿಯ ಮನೆಗೆ ಕಳಿಸ್ತೇನೆ.
ಬರುವ ಕೈಲ್ ಪೊಳ್ದಿಗೆ
ಗೋಡೆಯ ಬರೀ ಮೊಳೆಗೇ ತೋಕ್ ಪೂ ಮುಡಿಸ್ತೇನೆ. ಬಿಡಿ."
ಹೊರಗೆ ಬಂದವರು ನನ್ನ ಮಂಚದ ಅಂಚು ಸವರಿದರು,
ಕರುವಿನ ಬೆನ್ನು ಸವರುವ ಹಾಗೆ.

ಆರೂ ಮುಗಿದವು.
ನಾಲ್ಕನೆಯದಕ್ಕೆ ಒಂದು ಮೂಲೆ ಉಳಿದವಕ್ಕಿಂತ ಹೆಚ್ಚು ದುಂಡು.
ಸರಿ ಮಾಡಲಿಲ್ಲ.
ಸಿಸ್ಟರ್ ಪುಸ್ತಕದಲ್ಲಿ ಆಗಲೇ ಒಂಬತ್ತು ಹೆಸರು ಕಾಯುತ್ತಿದ್ದವು.
ಆರು, ಒಂಬತ್ತು ಎಂದು ಲೆಕ್ಕ ಹಾಕುತ್ತಲೇ
ಮಹದೇವಪೇಟೆಯ ಇಳಿಜಾರು ಇಳಿದೆ.

ರಾತ್ರಿ ಗೋಣಿಕೊಪ್ಪದಿಂದ ವಿಜಿತಾ ಫೋನು,
ಲ್ಯಾಬಿನ ಡ್ಯೂಟಿ ಮುಗಿಸಿ.
ಏನು ಕೆಲಸ ಅಪ್ಪ? ಮಂಚ. ಯಾರಿಗೆ?
ನಾನು ಸುಮ್ಮನಾದೆ.
"ಟೈಫಾಯ್ಡು ಬಂದವರಿಗಾ?" ಎಂದು ನಕ್ಕಳು.
ಪಕ್ಕದಂಗಡಿಯ ಬೀರಾನ್ ಕಾಕ ಬಾಗಿಲು ಎಳೆಯುತ್ತಿದ್ದರು.
ಅವರಿಗೂ ಕೇಳಲಿ ಎಂದೇ
ಸ್ವಲ್ಪ ಜೋರಾಗಿ ಹೇಳಿದೆ:
ಅಲ್ಲ ಮಗಾ. ಆಗ ನಿನಗೆ ಬಂದಿತ್ತಲ್ಲ,
ಅದು ಬಂದವರಿಗೆ.