ವಿರಾಜಪೇಟೆಯಲ್ಲಿದ್ದ ಕಡಲು

ನಮ್ಮ ಸಮುದ್ರಕ್ಕೆ ಬೀಗವಿತ್ತು.
ಬೆಳಿಗ್ಗೆ ಹತ್ತಕ್ಕೆ ನಾನೇ ತೆಗೆಯುತ್ತಿದ್ದೆ,
ಸಂಜೆ ಐದೂವರೆಗೆ ನಾನೇ ಹಾಕುತ್ತಿದ್ದೆ.
ಸೋಮವಾರ ಸಮುದ್ರಕ್ಕೆ ರಜೆ.

ಹನ್ನೊಂದು ಕೋಟಿ ನಲವತ್ತು ಲಕ್ಷ, ಸರ್ಕಾರದ್ದು.
ಉಳ್ಳಾಲದ ಮರಳು ಇನ್ನೂರ ಆರು ಲಾರಿ;
ಸಂಪಾಜೆ ತಿರುವಿನಲ್ಲಿ ಮೂರು ಮಗುಚಿಕೊಂಡವು,
ಅಲ್ಲಿ ಈಗಲೂ ಜರಿಗಿಡದ ಬುಡದಲ್ಲಿ ಚಿಪ್ಪು ಸಿಗುತ್ತದಂತೆ.

ಅಲೆಯ ಯಂತ್ರ ಕೊರಿಯಾದ್ದು.
ಅರ್ಧ ಗಂಟೆಗೊಮ್ಮೆ ಹನ್ನೊಂದು ಅಲೆ;
ಹನ್ನೆರಡನೆಯದು ಅರ್ಧ ಎದ್ದು, ಕೆಮ್ಮಿ, ಕೂತುಬಿಡುತ್ತಿತ್ತು.
ಕರೆಂಟು ಹೋದರೆ ಕಡಲು ನಿಲ್ಲುತ್ತಿತ್ತು
ಎಮ್ಮೆ ಎದ್ದುಹೋದ ಹೊಂಡದ ಹಾಗೆ.

ಉಪ್ಪು ಬೆರೆಸುವವನು ಬೀರಾನ್.
ಅವನಪ್ಪ ತಲಶ್ಶೇರಿಯಿಂದ ಮಾಕುಟ್ಟ ಘಾಟಿ ಹತ್ತಿಸಿ
ಐಸಿಲ್ಲದ ಬುಟ್ಟಿಯಲ್ಲಿ ಮತ್ತಿ ತಂದು ಮಾರಿದವನು.
ಉಪ್ಪಳೆಯುವ ಗಾಜಿನ ಕಡ್ಡಿ ಎರಡನೇ ತಿಂಗಳೇ ಒಡೆಯಿತು,
ಹೊಸದಕ್ಕೆ ಮೂರು ಕೊಟೇಷನ್ ಬೇಕೆಂದರು.
ಅಂದಿನಿಂದ ಬೀರಾನನ ನಾಲಿಗೆಯೇ ಮೀಟರು:
ದಿನಾ ಒಂದು ಬೊಗಸೆ ಬಾಯಿಗಿಟ್ಟು, ಕಣ್ಣು ಮುಚ್ಚಿ,
"ಇನ್ನೂ ಕಣ್ಣೂರಾಗಿಲ್ಲ" ಅನ್ನುವನು,
ಇನ್ನೆರಡು ಮೂಟೆ ಸುರಿಯುವನು.
ಅವನ ಬಿಪಿ ಮಾತ್ರೆಗೆ ಯಾವ ಬಾಬ್ತಿನಲ್ಲೂ ದುಡ್ಡಿರಲಿಲ್ಲ.

ಟಿಕೆಟು ನೂರಾ ಎಂಬತ್ತು.
ತಲಶ್ಶೇರಿಗೆ ಬಸ್ ಚಾರ್ಜು ನೂರಾ ಹತ್ತು,
ಅಲ್ಲಿನ ಸಮುದ್ರ ಪುಕ್ಕಟೆ.
ಈ ಲೆಕ್ಕ ಇಡೀ ಪೇಟೆಗೆ ಗೊತ್ತಿತ್ತು,
ಯೋಜನಾ ವರದಿ ಬರೆದವರನ್ನು ಬಿಟ್ಟು.
ಅವರ ಪ್ರಕಾರ ದಿನಕ್ಕೆ ಸಾವಿರದ ಇನ್ನೂರು ಜನ;
ನನ್ನ ಪುಸ್ತಕದಲ್ಲಿ ಒಂದು ಬುಧವಾರ, ನಾಲ್ಕು.
ಹೊಸ ಜೋಡಿಯೊಂದು, ಒಬ್ಬ ಎಲ್‌ಐಸಿ ಏಜೆಂಟು,
ಮತ್ತೆ ತೋಟದ ಲೈನ್‌ಮನೆಯ ಕರಿಚ್ಚಿ.
ರಿಯಾಯಿತಿ ಕೇಳದೆ ಸೆರಗಿನ ಗಂಟು ಬಿಚ್ಚಿದವಳು ಅವಳೊಬ್ಬಳೇ.
ಹನ್ನೊಂದು ಅಲೆಯನ್ನೂ ನಿಂತೇ ನೋಡಿದಳು,
"ಇದರ ಆಚೆ ಏನಿದೆ?" ಎಂದಳು.
"ಜನರೇಟರ್ ರೂಮು" ಎಂದೆ.

ವರದಿ ಮರೆತದ್ದು ಮಳೆಯನ್ನು.
ಮನೆಮನೆಯಲ್ಲಿ ಮದ್ದುಸೊಪ್ಪು ಬೇಯುವ ಹೊತ್ತಿಗೆ,
ಕಕ್ಕಡ ಹದಿನೆಂಟಕ್ಕೆ,
ಸಮುದ್ರ ಸಪ್ಪೆಯಾಗಿತ್ತು.
ಬೀರಾನ್ ಕೊಡೆ ಹಿಡಿದು ಮೂಟೆ ಮೂಟೆ ಸುರಿದ.
ಕಡಲು ಉಕ್ಕಿ, ಕಟ್ಟೆ ದಾಟಿ, ಚಂಗಪ್ಪನವರ ಗದ್ದೆಗಿಳಿಯಿತು,
ಗದ್ದೆಯಿಂದ ಬಾವಿಗೆ.
ಅವರು ಬಂದು ಬೈಯಲಿಲ್ಲ.
ಫ್ಲಾಸ್ಕಿನಲ್ಲಿ ಮನೆಯ ಕಾಫಿ ತಂದು
ಮ್ಯಾನೇಜರರ ಮುಂದೆ ಲೋಟಕ್ಕೆ ಬಗ್ಗಿಸಿ
"ಕುಡಿಯಿರಿ" ಅಂದರು.
ಪರಿಹಾರ ಎರಡು ಲಕ್ಷ ಎಪ್ಪತ್ತು ಸಾವಿರ.
ನಮ್ಮ ಕಡಲಿನಿಂದ ಕಾಸು ಕಂಡವರು ಅವರೊಬ್ಬರೇ.

ಆಡಿಟಿಗೆ ಬಂದವಳು ಲಿಂಗಸುಗೂರಿನ ಕಡೆಯ ಹುಡುಗಿ,
ಚಳಿಗೆ ಎರಡು ಸ್ವೆಟರು.
"ಇಷ್ಟು ಉಪ್ಪು ಎಲ್ಲಿ ಹೋಯಿತು?"
ಬೀರಾನ್ ಕಿಟಕಿಯಾಚೆ ಸುರಿಯುತ್ತಿದ್ದುದನ್ನು ತೋರಿಸಿದ.
ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿ ಬರೆದಳು:
ಕರಗಿದೆ. ದಾಖಲೆ ಇಲ್ಲ.

ಯಂತ್ರ ಬಿಚ್ಚಿ ಒಯ್ದರು. ನೀರು ಆರಿತು.
ತಳದಲ್ಲಿ ಬೆಳ್ಳನೆಯ ಹಕ್ಕಳೆ ಉಳಿಯಿತು.
ಮಾಕುಟ್ಟದ ಕಾಡಿಗೆ ವಾಸನೆ ಹೇಗೆ ಮುಟ್ಟಿತೋ,
ಒಂದು ರಾತ್ರಿ ಆನೆಗಳು ಬಂದವು, ಏಳು ಮತ್ತೊಂದು ಮರಿ,
ಗೇಟು ಮುರಿದು, ಮೆಟ್ಟಿಲಿಳಿದು,
ಸಮುದ್ರದ ತಳವನ್ನು ಉಗುರಿನಿಂದ ಕೆರೆದು ತಿಂದವು.
ಮರುದಿನವೂ ಬಂದವು. ವಾರವಿಡೀ ಬಂದವು.
ಹರಾಜಿಗೆ ಬಂದಿದ್ದ ಇಬ್ಬರೂ ಲದ್ದಿ ನೋಡಿ ಜೀಪು ತಿರುಗಿಸಿದರು.
ನಮ್ಮವರು ಅರಣ್ಯ ಇಲಾಖೆಗೆ ಬರೆದರು.
ಉತ್ತರ ಬಂತು: ಸದರಿ ಸಮುದ್ರವು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಕೌಂಟರಿನ ಕಿಂಡಿಯಿಂದ ಒಮ್ಮೆ ನೋಡಿದೆವು, ನಾನು, ಬೀರಾನ್.
ದೊಡ್ಡವು ಉಪ್ಪಿಗೆ ಬಾಗಿದ್ದವು.
ಮರಿ ಮಾತ್ರ ಅಲೆ ಹೊರಡುತ್ತಿದ್ದ ತೂತಿಗೆ ಸೊಂಡಿಲಿಟ್ಟು
ಬಹಳ ಹೊತ್ತು ನಿಂತಿತ್ತು.
ಬೀರಾನ್ ಅನ್ನುವುದನ್ನು ಮರೆತು ಬೆರಳು ನೆಕ್ಕುತ್ತಿದ್ದ.

ಐದು ತಿಂಗಳ ಸಂಬಳ ಬಾಕಿ ಇದೆ.
ಬೀಗದ ಕೈ ನನ್ನ ಹತ್ತಿರವೇ ಇದೆ,
ಗೇಟಿಲ್ಲ.